ಮಾಡಿದವರು, ಮಡಿದವರು, ಬರೆದವರು

1942ರ ಆಗಸ್ಟ್ 8ರಂದು ಮುಂಬೈಯ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಗಾಂಧೀಜಿ ದೇಶಕ್ಕೆ ‘ಮಾಡು ಇಲ್ಲವೆ ಮಡಿ’ ಎಂಬ ಕರೆ ಕೊಟ್ಟರು. ಆ ಚಳವಳಿಗೆ ‘ಕ್ವಿಟ್ ಇಂಡಿಯಾ’ ಎಂಬ ಮಾತನ್ನು ಕೊಟ್ಟವರು ಸಮಾಜವಾದಿ ನಾಯಕ ಯೂಸುಫ್ ಮೆಹರ್‌ಅಲಿ. ಇದನ್ನು ನಮ್ಮ ಮಕ್ಕಳಿಗೆ ಹೇಳುವವರು ಕಡಿಮೆ. ಅದಿರಲಿ. ಗಾಂಧೀಜಿಯ ಕರೆಯಲ್ಲಿರುವ ‘ಇಲ್ಲವೆ’ ಎಂಬ ಚಿಕ್ಕ ಪದ ನನ್ನನ್ನು ಬಹಳ ದಿನಗಳಿಂದ ಕಾಡುತ್ತ ಬಂದಿದೆ. ಅದರಲ್ಲಿ ಒಂದು ಆಯ್ಕೆ ಇದೆ. ಒಂದೋ ಕೆಲಸ ಸಾಧಿಸುತ್ತೀರಿ, ಇಲ್ಲವೋ ಸಾಯುತ್ತೀರಿ. ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ಬೆಳಗಾವಿ ಸೀಮೆಯ ಒಬ್ಬ ಕಾದಂಬರಿಕಾರ ಆ ‘ಇಲ್ಲವೆ’ಯನ್ನು ತೆಗೆದುಹಾಕಿ ತನ್ನ ಪುಸ್ತಕಕ್ಕೆ ‘ಮಾಡಿ ಮಡಿದವರು’ ಎಂದು ಹೆಸರಿಟ್ಟ. ಹಳ್ಳಿಯ ಬಡವರ ಪಾಲಿಗೆ ಆಯ್ಕೆಯೇ ಇರಲಿಲ್ಲ. ಅವರು ಮಾಡಿದರು, ಮಡಿದರು. ಮಾಡದೆಯೂ ಮಡಿಯದೆಯೂ ಉಳಿದವರು ಆಮೇಲೆ ಖುರ್ಚಿಯ ಮೇಲೆ ಕುಳಿತರು. ಮೂರು ದಶಕಗಳ ರಾಜಕಾರಣದ ಬಗ್ಗೆ ಎಷ್ಟು ಪುಟ ಬರೆದರೂ ಹೇಳಲಾಗದ್ದನ್ನು ಎರಡು ಪದಗಳ ಈ ಹೆಸರು ಹೇಳಿಬಿಡುತ್ತದೆ.

ಆ ಕಾದಂಬರಿಕಾರ ಬಸವರಾಜ ಕಟ್ಟೀಮನಿ. ಹುಟ್ಟಿದ್ದು 1919ರ ಅಕ್ಟೋಬರ್‌ನಲ್ಲಿ, ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ. ತೀರಿಕೊಂಡದ್ದು 1989ರಲ್ಲಿ. ನಡುವಿನ ಎಪ್ಪತ್ತು ವರ್ಷಗಳಲ್ಲಿ ಮೂರು ಬದುಕುಗಳಿವೆ. ಮೊದಲನೆಯದು ಸ್ವಾತಂತ್ರ್ಯ ಹೋರಾಟಗಾರನದು. 1942ರಲ್ಲಿ ಅವರು ಜೈಲು ಸೇರಿದಾಗ ಇಪ್ಪತ್ತಮೂರು ತುಂಬುತ್ತಿದ್ದ ಹುಡುಗ. ಎರಡನೆಯದು ಪತ್ರಕರ್ತನದು, ಕಾದಂಬರಿಕಾರನದು. ‘ಸಂಯುಕ್ತ ಕರ್ನಾಟಕ’ವೂ ಸೇರಿದಂತೆ ಹಲವು ಪತ್ರಿಕೆಗಳಲ್ಲಿ ದುಡಿದು, ನಲವತ್ತರ ಸುಮಾರು ಕಾದಂಬರಿಗಳನ್ನು ಬರೆದರು. ಮೂರನೆಯದು ರಾಜಕಾರಣಿಯದು. 1968ರಿಂದ 1974ರವರೆಗೆ ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು. 1980ರಲ್ಲಿ ಬೆಳಗಾವಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅವರ ಆತ್ಮಕಥನದ ಹೆಸರು ‘ಕುಂದರನಾಡಿನ ಕಂದ’. ಸ್ವಂತ ಸೀಮೆಯ ಹೆಸರನ್ನು ತನ್ನ ಹೆಸರಿಗಿಂತ ಮುಂದೆ ಇಟ್ಟುಕೊಂಡವರು.

ನಾಲ್ಕನೆಯ ತರಗತಿಯವರೆಗೆ ನಾನು ಓದಿದ್ದು ಉರ್ದು ಶಾಲೆಯಲ್ಲಿ. ಆಮೇಲೆ ಕನ್ನಡ. ಹೀಗಾಗಿ ಕನ್ನಡದ ದೊಡ್ಡ ಲೇಖಕರು ನನಗೆ ಪಠ್ಯಕ್ರಮದ ಮೂಲಕ ಬರಲಿಲ್ಲ, ಗ್ರಂಥಾಲಯದ ಕಪಾಟಿನ ಮೂಲಕ ಬಂದರು. ಕಟ್ಟೀಮನಿಯವರ ಮೊದಲ ಕಥಾಸಂಕಲನದ ಹೆಸರು ‘ಕಾರವಾನ್’ ಎಂದು ನೋಡಿದಾಗ ಆಶ್ಚರ್ಯವಾಗಿತ್ತು. ಇದು ನಮ್ಮ ಉರ್ದು ಪುಸ್ತಕದ ಕಾರವಾನ್ ಅಲ್ಲವೆ, ಇಲ್ಲಿಗೆ ಹೇಗೆ ಬಂತು? ಅವರ ಇನ್ನೊಂದು ಕಾದಂಬರಿಯ ಹೆಸರು ‘ಖಾನಾವಳಿಯ ನೀಲಾ’. ಖಾನಾ ಎಂದರೆ ಊಟ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಉತ್ತರ ಕರ್ನಾಟಕದ ಕನ್ನಡದಲ್ಲಿ ಇಂಥ ಪದಗಳು ಪರಕೀಯವಾಗಿ ಉಳಿದಿಲ್ಲ. ಪಹಣಿ, ಖಾತೆ, ಜಮೀನು, ತಕರಾರು, ಹಮಾಲಿ ಇವುಗಳನ್ನು ಬಿಟ್ಟು ನಮ್ಮ ಕಡೆಯ ರೈತ ಒಂದು ದಿನ ಮಾತಾಡಲಾರ. ಕಟ್ಟೀಮನಿ ಈ ಜನರ ಕನ್ನಡದಲ್ಲಿ ಬರೆದರು. ಅ.ನ.ಕೃ., ತ.ರಾ.ಸು., ನಿರಂಜನ, ಚದುರಂಗರ ಜತೆ ಪ್ರಗತಿಶೀಲ ಪಂಥದಲ್ಲಿ ಅವರ ಹೆಸರು ಬರುತ್ತದೆ. ಅವಸರದ ಬರವಣಿಗೆ, ವರದಿಯಂಥ ಭಾಷೆ ಎಂದು ಆ ಪಂಥದವರ ಮೇಲೆ ನವ್ಯದವರು ಹೊರಿಸಿದ ಆರೋಪ ಇವರಿಗೂ ತಟ್ಟಿತು. ಆರೋಪದಲ್ಲಿ ಸತ್ಯವಿಲ್ಲ ಎನ್ನಲಾರೆ. ಆದರೆ ಸಿದ್ದಾಪುರದಂಥ ಊರಿನಲ್ಲಿ, ಭತ್ತದ ನಾಟಿ ಮುಗಿಸಿ ಬಂದು ಲಾಟೀನಿನ ಬೆಳಕಿಗೆ ಪುಸ್ತಕ ಹಿಡಿಯುತ್ತಿದ್ದ ತಲೆಮಾರಿನವರು ಓದಿದ್ದು ಇಂಥವರನ್ನೇ. ಓದುಗನನ್ನು ಬಾಗಿಲಲ್ಲಿ ನಿಲ್ಲಿಸಿ ಪರೀಕ್ಷೆ ಮಾಡದ ಬರವಣಿಗೆ ಅದು.

ಕಟ್ಟೀಮನಿಯವರ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಬರ್ಮಾದ ಒಬ್ಬ ಲೇಖಕ ನೆನಪಾಗುತ್ತಾನೆ. ನಮ್ಮ ಕಡೆಯವರಿಗೆ ಬರ್ಮಾ ತೀರ ದೂರದ ದೇಶವಲ್ಲ. ಹಳೆಯ ವಾಡೆಗಳಲ್ಲಿ ಈಗಲೂ ಬರ್ಮಾ ಸಾಗವಾನಿಯ ಮಾತು ಬರುತ್ತದೆ. ಉರ್ದು ಓದಿದವರಿಗೆ ರಂಗೂನ್ ಎಂದರೆ ಬಹದ್ದೂರ್ ಶಾ ಜಫರ್. ಕೊನೆಯ ಮೊಗಲ್ ದೊರೆ 1862ರಲ್ಲಿ ಅಲ್ಲೇ ಸೆರೆಯಲ್ಲಿ ಕಣ್ಣುಮುಚ್ಚಿದ. ಬೆಳಗಾವಿ, ಧಾರವಾಡದವರಿಗೆ ಮಂಡಾಲೆ ಎಂದರೆ ತಿಲಕರು. 1908ರಿಂದ 1914ರವರೆಗೆ ಅಲ್ಲಿಯ ಜೈಲಿನಲ್ಲಿದ್ದು ‘ಗೀತಾರಹಸ್ಯ’ ಬರೆದರು. ನಾನು ಹೇಳುತ್ತಿರುವ ಲೇಖಕ ಥೈನ್ ಪೆ ಮ್ಯಿಂಟ್. 1914ರಲ್ಲಿ ಬುದಲಿನ್ ಎಂಬ ಊರಿನಲ್ಲಿ ಹುಟ್ಟಿದ. ‘ಥಾಕಿನ್’ ಎಂದರೆ ಬರ್ಮೀ ಭಾಷೆಯಲ್ಲಿ ಒಡೆಯ. ಅಲ್ಲಿಯ ಜನ ಬಿಳಿಯರನ್ನು ಹಾಗೆ ಕರೆಯಬೇಕಿತ್ತು. ಅಲ್ಲಿನ ತರುಣರು ಆ ಪದವನ್ನು ತಮ್ಮ ಹೆಸರಿನ ಹಿಂದೆ ತಾವೇ ಹಚ್ಚಿಕೊಂಡು, ಈ ನೆಲದ ಒಡೆಯರು ನಾವು ಎಂದರು. ಆ ತರುಣರ ಗುಂಪಿನಲ್ಲಿ ಆಂಗ್ ಸಾನ್ ಇದ್ದ, ಥೈನ್ ಪೆ ಇದ್ದ. ಕಲ್ಕತ್ತೆಯಲ್ಲೂ ಓದಿದ ಥೈನ್ ಪೆ ಕಮ್ಯುನಿಸ್ಟನಾದ.

1942ನೇ ಇಸವಿಯಲ್ಲಿ ಈ ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಜಪಾನೀಯರು ಬರ್ಮಾವನ್ನು ಆಕ್ರಮಿಸಿದ್ದರು. ಫ್ಯಾಸಿಸ್ಟರನ್ನು ಮೊದಲು ಸೋಲಿಸಬೇಕು, ಬ್ರಿಟಿಷರ ಲೆಕ್ಕ ಆಮೇಲೆ ನೋಡೋಣ ಎಂದು ನಂಬಿದ ಥೈನ್ ಪೆ ಗಡಿ ದಾಟಿ ಭಾರತಕ್ಕೆ ಬಂದ. ಅದೇ ವರ್ಷ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಚಾವಡಿಗಳು ಸುಡುತ್ತಿದ್ದವು, ತಂತಿ ಕತ್ತರಿಸಿ ಬೀಳುತ್ತಿತ್ತು, ಕಟ್ಟೀಮನಿ ಜೈಲಿಗೆ ಹೋಗುತ್ತಿದ್ದರು. ಬ್ರಿಟಿಷರನ್ನು ಓಡಿಸಲು ಒಬ್ಬ ಜೈಲು ಸೇರಿದ. ಅದೇ ಬ್ರಿಟಿಷರನ್ನು ಮುಂದೊಂದು ದಿನ ಓಡಿಸುವುದಕ್ಕಾಗಿ ಇನ್ನೊಬ್ಬ ಅವರ ಜತೆ ಮಾತುಕತೆಗೆ ಬಂದ. ಒಬ್ಬರ ದೇಶಭಕ್ತಿಯ ಅಳತೆಗೋಲು ಹಿಡಿದು ಇನ್ನೊಬ್ಬರನ್ನು ಅಳೆದರೆ ಇಬ್ಬರಲ್ಲಿ ಒಬ್ಬ ದ್ರೋಹಿಯಾಗುತ್ತಾನೆ. ಇವತ್ತು ದೇಶಭಕ್ತಿಯ ಸರ್ಟಿಫಿಕೇಟ್ ಕೇಳುವವರಿಗೆ ಈ ಒಂದು ವರ್ಷದ ಕಥೆ ಸಾಕು.

ಆದರೆ ಇಬ್ಬರನ್ನೂ ಒಂದೇ ಹೊಸ್ತಿಲಲ್ಲಿ ತಂದು ನಿಲ್ಲಿಸುವ ಸಂಗತಿ ಬೇರೆ ಇದೆ. ಸ್ವಾತಂತ್ರ್ಯಕ್ಕಾಗಿ ಹೊರಗಿನವನ ವಿರುದ್ಧ ಎದ್ದ ಇವರು ತಮ್ಮ ಮನೆಯ ಒಳಗಿನ ದೊಡ್ಡವರನ್ನೂ ಪ್ರಶ್ನೆ ಕೇಳಿದರು. 1930ರ ದಶಕದಲ್ಲಿ ಥೈನ್ ಪೆ ‘ಟೆಟ್ ಪೊಂಗ್ಯಿ’ ಎಂಬ ಕಾದಂಬರಿ ಬರೆದ. ಆಧುನಿಕ ಭಿಕ್ಕು ಎಂದು ಅದರ ಅರ್ಥ. ಕಾವಿ ತೊಟ್ಟು ಲೋಕದ ಸುಖದ ಹಿಂದೆ ಬಿದ್ದವರ ಬಗ್ಗೆ ಬರೆದ ಆ ಪುಸ್ತಕ ಬೌದ್ಧ ನಾಡಿನಲ್ಲಿ ದೊಡ್ಡ ಗದ್ದಲವೆಬ್ಬಿಸಿತು. ಕಟ್ಟೀಮನಿ ‘ಮೋಹದ ಬಲೆಯಲ್ಲಿ’, ‘ಜರತಾರಿ ಜಗದ್ಗುರು’ ಬರೆದು ಮಠದ ಒಳಗಿನ ಹಣ, ಮೋಹ, ಅಧಿಕಾರಗಳನ್ನು ಬಯಲಿಗೆಳೆದರು. ‘ಜನಿವಾರ ಮತ್ತು ಶಿವದಾರ’ ಎಂಬ ಹೆಸರಿನಲ್ಲಂತೂ ಎರಡೂ ದಾರಗಳನ್ನು ಒಂದೇ ತಕ್ಕಡಿಗೆ ಹಾಕಿದರು. ಹೆಚ್ಚುಕಡಿಮೆ ಇದೇ ಕಾಲದಲ್ಲಿ, 1932ರಲ್ಲಿ, ಲಖನೌದಿಂದ ‘ಅಂಗಾರೆ’ ಎಂಬ ಉರ್ದು ಕಥಾಸಂಕಲನ ಬಂತು. ಸಜ್ಜಾದ್ ಜಹೀರ್, ರಶೀದ್ ಜಹಾಂ, ಅಹ್ಮದ್ ಅಲಿ, ಮಹಮೂದುಜ್ಜಫರ್ ಎಂಬ ನಾಲ್ವರು ಎಳೆಯರು ಮೌಲವಿಗಳ ಢೋಂಗು, ಪರದೆಯ ಹಿಂದಿನ ಹೆಣ್ಣಿನ ಸಂಕಟ ಬರೆದಿದ್ದರು. ಮರುವರ್ಷ ಸಂಯುಕ್ತ ಪ್ರಾಂತದ ಸರ್ಕಾರ ಅದನ್ನು ನಿಷೇಧಿಸಿತು. ಮುಂದೆ ಪ್ರಗತಿಶೀಲ ಲೇಖಕರ ಸಂಘ ಹುಟ್ಟಿದ್ದು ಇದೇ ಕಿಡಿಯಿಂದ. ಲಖನೌ, ರಂಗೂನ್, ಬೆಳಗಾವಿ. ಮೂರು ಭಾಷೆ, ಮೂರು ಧರ್ಮ, ಒಂದೇ ಕಾಲ. ಪರಕೀಯನ ಆಳ್ವಿಕೆ ಹೋಗಬೇಕು ಎನ್ನುವವನು ಮನೆಯೊಳಗಿನ ಆಳ್ವಿಕೆಯ ಬಗ್ಗೆ ಸುಮ್ಮನಿರಲಾರ ಎಂಬುದಕ್ಕೆ ಈ ಮೂರೂ ಸಾಕ್ಷಿ.

ಇಲ್ಲಿಯವರೆಗೆ ಹೇಳಿದ್ದು ಸುಲಭದ ಮಾತು. ಸುಲಭವಲ್ಲದ್ದು ಇನ್ನು ಮುಂದಿದೆ.

ಕೆಲವು ವರ್ಷಗಳ ಹಿಂದೆ ನಾನೊಂದು ಕಥೆ ಬರೆದೆ. ನಮ್ಮ ಕಡೆಯ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುವ ಒಬ್ಬ ಅಪ್ಪ, ಮಗಳ ಜಹೇಜಿಗಾಗಿ ಸಾಲ ಮಾಡಿ, ಆ ಸಾಲ ತೀರಿಸಲು ಎರಡನೆಯ ಪಾಳಿಯೂ ಮೂಟೆ ಹೊರುತ್ತಾನೆ. ಮಹರ್ ಎನ್ನುವುದು ಗಂಡು ಹೆಣ್ಣಿಗೆ ಕೊಡಬೇಕಾದ ಹಕ್ಕು. ಅದನ್ನು ಸಾವಿರದ ಲೆಕ್ಕದಲ್ಲಿ ಬರೆಸಿ, ಜಹೇಜನ್ನು ಲಕ್ಷದ ಲೆಕ್ಕದಲ್ಲಿ ಎಣಿಸಿಕೊಳ್ಳುವ ನಿಕಾಹದ ಮಜಲಿಸಿನಲ್ಲಿ ದೀನಿನ ದೊಡ್ಡವರು ದುವಾ ಮಾಡಿ, ಬಿರಿಯಾನಿ ಉಂಡು ಏಳುತ್ತಾರೆ. ಕಥೆಯಲ್ಲಿ ಇದ್ದದ್ದು ಇಷ್ಟೇ. ಅದು ಪತ್ರಿಕೆಯಲ್ಲಿ ಬಂದ ವಾರ, ದೂರದ ಸಂಬಂಧಿಕರಾದ ಒಬ್ಬ ಚಾಚಾ ಮನೆಗೆ ಬಂದರು. ಚಹಾ ಕುಡಿದು, ಬಟ್ಟಲು ಕೆಳಗಿಟ್ಟು ಹೇಳಿದರು:

“ಬೇಟಾ, ಘರ್ ಕೀ ಬಾತ್ ಘರ್ ಮೇಚ್ ರಹ್ನಾ. ಹೊರಗೆ ನಮ್ಮ ಮನೀಗೆ ಕಲ್ಲು ಹೊಡ್ಯಾಕ ಎಷ್ಟು ಜನ ನಿಂತಾರ ನಿನಗ ಗೊತ್ತಿಲ್ಲೇನು? ನೀನ ಒಳಗಿಂದ ಕಿಡಕಿ ತೆಗದರ ಹೆಂಗ?”

ಅವರು ಬೈಯಲು ಬಂದಿರಲಿಲ್ಲ. ಅವರ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆ ಜಾಸ್ತಿ ಇತ್ತು. ಅದೇ ಕಥೆಗೆ ಹೊರಗಿನಿಂದ ಬಂದ ಮೆಚ್ಚುಗೆ ಬೇರೆ ಬಗೆಯದು. ‘ನೀವು ಧೈರ್ಯವಂತರು, ನಿಮ್ಮವರ ಬಗ್ಗೆ ಹೀಗೆ ಬರೆಯುವವರು ಬೇಕು’ ಎಂದರು ಕೆಲವರು. ಅವರ ಮನೆಗಳಲ್ಲೂ ವರದಕ್ಷಿಣೆ ಇದೆ. ಆ ಹಮಾಲಿ ಅಪ್ಪ ಅವರ ಊರಲ್ಲೂ ಇದ್ದಾನೆ, ಹೆಸರು ಮಾತ್ರ ಬೇರೆ. ಅವರಿಗೆ ಕಥೆಯಲ್ಲಿ ಅಪ್ಪ ಕಾಣಲಿಲ್ಲ, ಮುಸಲ್ಮಾನ ಕಂಡ.

ಈ ಗೊಂದಲವನ್ನು ನಾನು ಹೇಳಿಕೊಂಡದ್ದು ನಿವೃತ್ತರಾದ ಒಬ್ಬ ಕನ್ನಡ ಮಾಸ್ತರರ ಹತ್ತಿರ. ಅವರು ಲಿಂಗಾಯತರು, ಕಟ್ಟೀಮನಿಯವರನ್ನು ಹುಡುಗರಾಗಿದ್ದಾಗಲೇ ಓದಿದವರು. ನಾನು ‘ಜರತಾರಿ ಜಗದ್ಗುರು’ವಿನ ಧೈರ್ಯ ಹೊಗಳಿದಾಗ ಅವರು ತಲೆಯಾಡಿಸಿ ಒಂದು ಮಾತು ಹೇಳಿದರು:

“ತಮ್ಮಾ, ನಾವು ನಮ್ಮ ಸ್ವಾಮಿಗೋಳನ್ನ ಬೈದರ ಊರು ನಮ್ಮನ್ನ ಬೈತೈತಿ. ನೀನು ನಿಮ್ಮ ಮುಲ್ಲಾನ್ನ ಬೈದರ ಊರು ನಿನಗ ಚಪ್ಪಾಳಿ ಹೊಡಿತೈತಿ. ಎರಡೂ ಒಂದ ಅಲ್ಲ ನೋಡು. ಚಪ್ಪಾಳಿ ಕೇಳಿದಾಗ ಹುಷಾರಿರಬೇಕು.”

ಸಾಹಿತ್ಯ ವಿಮರ್ಶೆಯ ದಪ್ಪ ಪುಸ್ತಕಗಳಲ್ಲಿ ನನಗೆ ಸಿಗದ ಮಾತು ಇದು. ಬಹುಸಂಖ್ಯಾತ ಸಮುದಾಯದ ಲೇಖಕ ತನ್ನ ಮನೆಯನ್ನು ಟೀಕಿಸಿದಾಗ ಕಳೆದುಕೊಳ್ಳುತ್ತಾನೆ. ಅಲ್ಪಸಂಖ್ಯಾತ ಲೇಖಕ ತನ್ನ ಮನೆಯನ್ನು ಟೀಕಿಸಿದಾಗ ಮನೆಯೊಳಗೆ ಕಳೆದುಕೊಂಡರೂ ಹೊರಗೆ ಗಳಿಸುತ್ತಾನೆ. ಈ ಗಳಿಕೆಯೇ ಅವನ ಮಾತಿನ ಮೇಲೆ ಅನುಮಾನ ಹುಟ್ಟಿಸುತ್ತದೆ. ಹಾಗಾದರೆ ಬಾಯಿ ಮುಚ್ಚಿಕೊಂಡು ಕೂರಬೇಕೆ? ಚಾಚಾ ಹೇಳಿದಂತೆ ಕಿಡಕಿ ಹಾಕಿಕೊಂಡರೆ ಒಳಗೆ ಉಸಿರುಗಟ್ಟುವವಳು ಆ ಹಮಾಲಿಯ ಮಗಳು. ಕಲ್ಲಿನ ಅಂಜಿಕೆ ಗಂಡಸರಿಗೆ, ಉಸಿರಿನ ತೊಂದರೆ ಹೆಂಗಸರಿಗೆ ಎಂದು ಹಂಚಿಕೊಂಡು ಬದುಕಲು ಬರುವುದಿಲ್ಲ.

ಕನ್ನಡದಲ್ಲಿ ಈ ಪ್ರಶ್ನೆಯನ್ನು ಮೈಮೇಲೆ ಎಳೆದುಕೊಂಡವರು ಹೆಣ್ಣುಮಕ್ಕಳೇ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 1980ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದಾಗ ಎದ್ದ ಗದ್ದಲ ಹಿರಿಯರಿಗೆ ನೆನಪಿದೆ. ಬಾನು ಮುಷ್ತಾಕ್ ಅವರು ಹೆಣ್ಣುಮಕ್ಕಳಿಗೂ ಮಸೀದಿಯಲ್ಲಿ ನಮಾಜಿನ ಹಕ್ಕಿದೆ ಎಂದದ್ದಕ್ಕೆ 2000ನೇ ಇಸವಿಯ ಹೊತ್ತಿನಲ್ಲಿ ಸಾಮಾಜಿಕ ಬಹಿಷ್ಕಾರ ಎದುರಿಸಬೇಕಾಯಿತು. ಅವರು ಬರೆಯುತ್ತಲೇ ವಕೀಲಿಕೆ ಮಾಡಿದರು, ಹಾಸನದ ನಗರಸಭೆಗೂ ಆರಿಸಿ ಬಂದರು. 2025ರಲ್ಲಿ ದೀಪಾ ಭಾಸ್ತಿ ಅನುವಾದಿಸಿದ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ, ಮುಸಲ್ಮಾನಳು ಎಂಬ ಕಾರಣಕ್ಕೆ ಬೇಡ ಎನ್ನುವವರು ಎದ್ದರು. ಮಾಸ್ತರರ ಮಾತಿನ ಇನ್ನೊಂದು ಮುಖ ಅಲ್ಲಿ ಕಂಡಿತು. ಅವರು ಮುಲ್ಲಾನನ್ನು ಕೇಳಿದಾಗ ಚಪ್ಪಾಳೆ ಹೊಡೆದ ಕೈಗಳು, ಅವರು ಚಾಮುಂಡಿ ಬೆಟ್ಟದ ದೀಪದ ಮುಂದೆ ನಿಲ್ಲುತ್ತಾರೆ ಎಂದಾಗ ಅಡ್ಡ ಬಂದವು. ಬಾನು ಅವರು ಇಬ್ಬರಿಗೂ ಮಣಿಯದೆ ಹೋಗಿ ದಸರಾ ಉದ್ಘಾಟಿಸಿದರು.

ಕಟ್ಟೀಮನಿಯವರಿಂದ ನಾನು ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅವರ ಟೀಕೆಗೆ ಬೆಲೆ ಬಂದದ್ದು ಎರಡು ಕಾರಣಕ್ಕೆ. ಮೊದಲನೆಯದು, ಅವರು ಬೆಲೆ ತೆತ್ತಿದ್ದರು. ಜೈಲಿಗೆ ಹೋಗಿ ಬಂದವನು ಮಠದ ಹಣದ ಲೆಕ್ಕ ಕೇಳಿದರೆ, ನಿನಗೇನು ಹಕ್ಕಿದೆ ಎಂದು ಕೇಳುವುದು ಕಷ್ಟ. ಎರಡನೆಯದು, ಅವರ ಬಾಣ ಒಂದೇ ದಿಕ್ಕಿಗೆ ಹೋಗಲಿಲ್ಲ. ಸ್ವಾಮಿಗಳನ್ನು ಕೇಳಿದವರು ಪತ್ರಿಕೆಯ ಮಾಲೀಕರನ್ನೂ ಕೇಳಿದರು. ಪತ್ರಕರ್ತರ ಬದುಕನ್ನು ಕುರಿತ ‘ಜ್ವಾಲಾಮುಖಿಯ ಮೇಲೆ’ ಅವರಿಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ತಂದಿತು. ಖಾದಿ ತೊಟ್ಟು ಬದಲಾದವರನ್ನೂ ಅವರು ಬಿಡಲಿಲ್ಲ. ಅಧಿಕಾರ ಎಲ್ಲೆಲ್ಲಿ ಬಡವನ ಕೊರಳ ಮೇಲೆ ಕೂತಿದೆಯೋ ಅಲ್ಲೆಲ್ಲ ಅವರ ಕಣ್ಣು ಹೋಯಿತು. ನಾನು ಜಹೇಜಿನ ಕಥೆ ಬರೆದ ಕೈಯಿಂದಲೇ, ಹೆಸರು ಕೇಳಿ ಬಾಡಿಗೆ ಮನೆ ಇಲ್ಲ ಎನ್ನುವವನ ಕಥೆಯನ್ನೂ, ಅದೇ ಮಿಲ್ಲಿನಲ್ಲಿ ಹಮಾಲಿಗೆ ಕೊಡಬೇಕಾದ ಕೂಲಿ ಮುರಿದುಕೊಳ್ಳುವವನ ಕಥೆಯನ್ನೂ ಬರೆಯಬೇಕು. ಆಗ ಮಾತ್ರ ನನ್ನ ಟೀಕೆ ನನ್ನ ಮನೆಯವರಿಗೆ ಚಾಡಿಯಾಗಿ ಕೇಳಿಸುವುದಿಲ್ಲ, ಹೊರಗಿನವರಿಗೆ ಮನರಂಜನೆಯಾಗಿಯೂ ಕಾಣುವುದಿಲ್ಲ.

ಇನ್ನೊಂದು ವಿಷಯವನ್ನು ಹೇಳದೆ ಈ ಬರಹ ಮುಗಿಸಲಾಗದು. ಕಟ್ಟೀಮನಿಯವರ ಊರು ಮುಂಬೈ ಪ್ರಾಂತದಲ್ಲಿತ್ತು. ಅವರಿಗೆ 1942 ಇತ್ತು. ನಮ್ಮ ಸಿದ್ದಾಪುರ, ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಇವೆಲ್ಲ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಮಗೆ ಇರುವುದು 1948. ದೇಶಕ್ಕೆ 1947ರ ಆಗಸ್ಟ್ 15ರಂದು ಬಂದ ಸ್ವಾತಂತ್ರ್ಯ ನಮ್ಮ ಕಡೆಗೆ 1948ರ ಸೆಪ್ಟೆಂಬರ್ 17ರಂದು ಬಂತು. ಅದಕ್ಕೂ ಮುಂಚೆ ರಜಾಕಾರರ ಹಾವಳಿಗೆ ಅಂಜಿ ಹಳ್ಳಿಯ ಹಿಂದೂಗಳು ಗಡಿ ದಾಟಿ ಹೋದರು. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟದ ಶಿಬಿರಗಳಿದ್ದವು. ಮುಂಡರಗಿ ಶಿಬಿರದ ಮುಂದಾಳು ಅಳವಂಡಿಯ ಶಿವಮೂರ್ತಿ ಸ್ವಾಮಿಗಳು; ಮುಂದೆ 1952ರ ಮೊದಲ ಚುನಾವಣೆಯಲ್ಲೇ ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ಹೋದರು. ಹೊಳೆ ದಾಟಿದರೆ ಬಳ್ಳಾರಿ ಸೀಮೆ, ಅದು ಆಗ ಮದ್ರಾಸ್ ಪ್ರಾಂತ. ಒಂದೇ ಕನ್ನಡ ಮಾತಾಡುವ ಜನರಿಗೆ ಮೂರು ಸರ್ಕಾರ, ಮೂರು ಚರಿತ್ರೆ.

ನನ್ನ ದಾದಿ ಆ ದಿನಗಳನ್ನು ಎರಡು ಹೆಸರಿನಲ್ಲಿ ಹೇಳುತ್ತಿದ್ದಳು. ಮೊದಲಿನದು ‘ರಜಾಕಾರ್ ಕಾ ಗಡಬಡ್’, ಆಮೇಲಿನದು ‘ಪುಲೀಸ್ ಆಕ್ಷನ್’. ಮೊದಲಿನದರಲ್ಲಿ ಪಕ್ಕದ ಮನೆಯ ಗೌಡತಿ ಊರು ಬಿಟ್ಟು ಹೋದಳು. ಹೋಗುವಾಗ ಹಸುವನ್ನು ದಾದಿಯ ತಾಯಿಯ ವಶಕ್ಕೆ ಕೊಟ್ಟಳು. ಆಮೇಲಿನದರಲ್ಲಿ ದಾದಿಯ ಮನೆಯವರು ಅಡಗಿದರು. ಅಡಗಿದ್ದು ಅದೇ ಗೌಡತಿಯ ಕಣಜದ ಕೋಣೆಯಲ್ಲಿ. ದಾದಿ ಇದನ್ನು ಸೌಹಾರ್ದದ ಉಪದೇಶವಾಗಿ ಹೇಳುತ್ತಿರಲಿಲ್ಲ. ಹಸು ಆ ವರ್ಷ ಎಷ್ಟು ಹಾಲು ಕೊಟ್ಟಿತು ಎಂಬುದರ ಬಗ್ಗೆ ಅವಳಿಗೆ ಹೆಚ್ಚು ಆಸಕ್ತಿ.

ಆ ಸೆಪ್ಟೆಂಬರಿನಲ್ಲಿ ಏನಾಯಿತು ಎಂದು ನೋಡಿ ಬರಲು ಭಾರತ ಸರ್ಕಾರ ಪಂಡಿತ್ ಸುಂದರಲಾಲ್ ಅವರ ಮುಂದಾಳತ್ವದಲ್ಲಿ ಒಂದು ಸಮಿತಿ ಕಳಿಸಿತು. ಸಂಸ್ಥಾನದಾದ್ಯಂತ 27,000ದಿಂದ 40,000 ಜನ ಸತ್ತಿರಬಹುದು ಎಂದು ಆ ಸಮಿತಿ ಅಂದಾಜು ಮಾಡಿತು. ಕಲಬುರಗಿ, ಬೀದರ ಜಿಲ್ಲೆಗಳು ಅತಿ ಹೆಚ್ಚು ನರಳಿದವುಗಳಲ್ಲಿ ಸೇರಿದ್ದವು. ರಜಾಕಾರರ ಅತ್ಯಾಚಾರಗಳನ್ನೂ ಅದು ಮುಚ್ಚಿಡಲಿಲ್ಲ, ಮುಸಲ್ಮಾನರನ್ನು ಕಾಪಾಡಿದ ಹಿಂದೂಗಳನ್ನೂ ಮರೆಯಲಿಲ್ಲ. ಆದರೆ ವರದಿ ಸಾರ್ವಜನಿಕರ ಕಣ್ಣಿಗೆ ಬಿದ್ದದ್ದು 2013ರ ಹೊತ್ತಿಗೆ. ಆ ಸಮಿತಿಯಲ್ಲಿದ್ದ ಖಾಜಿ ಅಬ್ದುಲ್ ಗಫಾರ್ ಯಾರೆಂದರೆ ಸ್ವತಃ ಕಾದಂಬರಿಕಾರ. ವೇಶ್ಯೆಯೊಬ್ಬಳ ಪತ್ರಗಳ ರೂಪದಲ್ಲಿ ‘ಲೈಲಾ ಕೆ ಖುತೂತ್’ ಬರೆದು ಉರ್ದು ಲೋಕವನ್ನು ಅಲ್ಲಾಡಿಸಿದವರು, ಹೈದರಾಬಾದಿನ ‘ಪಯಾಮ್’ ಪತ್ರಿಕೆಯ ಸಂಪಾದಕರು. ಅದೇ ನಗರದಲ್ಲಿ ‘ಇಮ್ರೋಜ್’ ಪತ್ರಿಕೆ ನಡೆಸುತ್ತಿದ್ದ ಶೋಯೆಬುಲ್ಲಾ ಖಾನ್, ಸಂಸ್ಥಾನ ಭಾರತಕ್ಕೆ ಸೇರಬೇಕು ಎಂದು ಬರೆದದ್ದಕ್ಕೆ 1948ರ ಆಗಸ್ಟ್‌ನಲ್ಲಿ ರಜಾಕಾರರ ಕೈಯಲ್ಲಿ ಕೊಲೆಯಾದರು. ಬರೆಯುವ ಕೈಯನ್ನೇ ಕತ್ತರಿಸಿದರು. ಉರ್ದು ಎಂದರೆ ನಿಜಾಮನ ಭಾಷೆ ಎನ್ನುವವರಿಗೆ ನಾನು ಹೇಳುವುದಿಷ್ಟೆ: ಅದು ಆ ಕತ್ತರಿಸಿದ ಕೈಯ ಭಾಷೆಯೂ ಹೌದು. ಮಾಡಿ ಮಡಿದವರ ಪಟ್ಟಿಯಲ್ಲಿ ಆ ಹೆಸರೂ ಇರಬೇಕು.

ಇನ್ನು ರಾಜಕಾರಣ. ಬರೆಯುವವರು ಸದನಕ್ಕೆ ಹೋಗಿ ಏನು ಸಾಧಿಸುತ್ತಾರೆ ಎಂಬ ಪ್ರಶ್ನೆ ಯಾವಾಗಲೂ ಇದೆ. ಥೈನ್ ಪೆ 1946ರಲ್ಲಿ ಬರ್ಮಾದ ಗವರ್ನರನ ಕಾರ್ಯಕಾರಿ ಮಂಡಳಿಯಲ್ಲಿ ಸ್ವಲ್ಪ ಕಾಲ ಮಂತ್ರಿಯಾದ, ಸ್ವತಂತ್ರ ಬರ್ಮಾದಲ್ಲಿ ಜೈಲು ಕಂಡ, 1956ರಲ್ಲಿ ಪಾರ್ಲಿಮೆಂಟಿಗೆ ಆರಿಸಿ ಬಂದ, ಪತ್ರಿಕೆ ಕಟ್ಟಿದ. 1962ರಲ್ಲಿ ನೆ ವಿನ್‌ನ ಸೈನ್ಯ ಅಧಿಕಾರ ಹಿಡಿದಾಗ ಅದರ ಸಮಾಜವಾದದ ಮಾತನ್ನು ನಂಬಿ ಜತೆಗೆ ನಿಂತ. ಆ ಪತ್ರಿಕೆಯನ್ನು ಅದೇ ಸರ್ಕಾರ ವಶಪಡಿಸಿಕೊಂಡಿತು. 1978ರಲ್ಲಿ ಅವನು ತೀರಿಕೊಂಡ. ಒಡೆಯರು ನಾವು ಎಂದು ಹೊರಟ ಆ ದೇಶದಿಂದಲೇ 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಬೇಕಾಯಿತು. 2021ರಲ್ಲಿ ಸೈನ್ಯ ಮತ್ತೆ ಅಧಿಕಾರ ಕಿತ್ತುಕೊಂಡಿತು. ಒಡೆಯರು ಯಾರು ಎಂಬ ಪ್ರಶ್ನೆಗೆ ಅಲ್ಲಿ ಇನ್ನೂ ಉತ್ತರ ಸಿಕ್ಕಿಲ್ಲ.

ಕಟ್ಟೀಮನಿಯವರ ಸದನದ ಬದುಕು ಇಷ್ಟು ನಾಟಕೀಯವಲ್ಲ. ಅವರು ಪರಿಷತ್ತಿನಲ್ಲಿದ್ದಾಗಲೇ, 1973ರ ನವೆಂಬರ್ 1ರಂದು, ಮೈಸೂರು ರಾಜ್ಯ ಕರ್ನಾಟಕವಾಯಿತು. ಉಳುವವನೇ ಹೊಲದೊಡೆಯ ಎಂಬ ಭೂಸುಧಾರಣೆಯ ತಿದ್ದುಪಡಿ ಬಂದದ್ದೂ ಆ ಕಾಲದಲ್ಲೇ. ಕನ್ನಡದಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರ್, ಕಡಿದಾಳ್ ಮಂಜಪ್ಪ ಅವರಂಥವರೂ ಹೋರಾಟ, ಬರವಣಿಗೆ, ರಾಜಕಾರಣ ಮೂರನ್ನೂ ಕಂಡವರು. ಆ ತಲೆಮಾರಿಗೆ ಈ ಮೂರೂ ಬೇರೆ ಬೇರೆ ಓಣಿಗಳಾಗಿರಲಿಲ್ಲ. ಇವತ್ತು ನಾವು ರಾಜಕಾರಣ ಹೊಲಸು ಎಂದು ದೂರ ನಿಂತಿದ್ದೇವೆ. ರಾಜಕಾರಣ ಮಾತ್ರ ನಮ್ಮಿಂದ ದೂರ ನಿಂತಿಲ್ಲ. ನಮ್ಮ ತಾಟಿನಲ್ಲಿ ಏನಿದೆ, ನಮ್ಮ ಮಗಳ ತಲೆಯ ಮೇಲೆ ಏನಿದೆ ಎಂದು ದಿನಾ ಬಂದು ನೋಡಿ ಹೋಗುತ್ತಿದೆ.

ಬೆಳಗಾವಿಯಲ್ಲಿ ಇವತ್ತು ಕಟ್ಟೀಮನಿಯವರ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಇದೆ. ‘ಮಾಡಿ ಮಡಿದವರು’ 1970ರ ದಶಕದಲ್ಲಿ ಸಿನಿಮಾ ಕೂಡ ಆಯಿತು. ಅವರ 1942 ಹೀಗೆ ಪುಸ್ತಕದಲ್ಲಿ, ಪರದೆಯ ಮೇಲೆ ಉಳಿದಿದೆ. ನಮ್ಮ 1948 ಇನ್ನೂ ಬಹಳಮಟ್ಟಿಗೆ ಅಜ್ಜಿಯರ ಬಾಯಲ್ಲೇ ಇದೆ, ಆ ಅಜ್ಜಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಪ್ರತಿ ಸೆಪ್ಟೆಂಬರ್ 17ಕ್ಕೆ ಧ್ವಜ ಏರಿಸಿ ಭಾಷಣ ಮಾಡುತ್ತೇವೆ. ಆ ಭಾಷಣದಲ್ಲಿ ಗೌಡತಿಯ ಹಸುವೂ ಬರುವುದಿಲ್ಲ, ಕಣಜದ ಕೋಣೆಯೂ ಬರುವುದಿಲ್ಲ, ಶೋಯೆಬುಲ್ಲಾ ಖಾನರೂ ಬರುವುದಿಲ್ಲ. ಒಬ್ಬ ರಜಾಕಾರ ಮಾತ್ರ ಬರುತ್ತಾನೆ, ಅವನ ಮುಖಕ್ಕೆ ನಮ್ಮೆಲ್ಲರ ಮುಖವನ್ನು ಹಚ್ಚಲಾಗುತ್ತದೆ. ಇದನ್ನು ತಪ್ಪಿಸುವುದು ಭಾಷಣದಿಂದ ಆಗುವ ಕೆಲಸವಲ್ಲ, ಕಥೆಯಿಂದ ಆಗುವ ಕೆಲಸ. ಆ ಕಥೆಯಲ್ಲಿ ರಜಾಕಾರನೂ ಇರಬೇಕು, ಅವನು ನಮ್ಮ ಓಣಿಯಿಂದಲೇ ಹೋಗಿದ್ದರೆ ಹಾಗೆಂದೇ ಬರೆಯಬೇಕು. ಆಮೇಲೆ ಸತ್ತ ನೇಕಾರ, ಜಾಡಮಾಲಿ, ಟಾಂಗಾದವನೂ ಇರಬೇಕು.

ನಮ್ಮ ಹುಡುಗರು ಈಗ ಉರ್ದು ಬಿಟ್ಟು, ಕನ್ನಡವನ್ನೂ ಅರ್ಧಕ್ಕೆ ಬಿಟ್ಟು, ಇಂಗ್ಲಿಷ್ ಶಾಲೆಯ ಬಸ್ಸು ಹತ್ತುತ್ತಿದ್ದಾರೆ. ಹೊಟ್ಟೆಪಾಡು, ಬೇಡ ಎನ್ನಲಾರೆ. ಆದರೆ ದಾದಿಯ ಮಾತು ದಖನಿಯಲ್ಲಿದೆ, ಗೌಡತಿಯ ಮಾತು ಕನ್ನಡದಲ್ಲಿದೆ. ಎರಡೂ ಕಿವಿ ಇರುವವರು ಬರೆಯದೆ ಹೋದರೆ ಅರ್ಧ ಕಿವಿಯವರು ಬರೆಯುತ್ತಾರೆ. ಈ ಪತ್ರಿಕೆಯ ಓದುಗರಲ್ಲಿ ಹೈದರಾಬಾದ್ ಕರ್ನಾಟಕದವರು, ಈಗಿನ ಮಾತಿನಲ್ಲಿ ಕಲ್ಯಾಣ ಕರ್ನಾಟಕದವರು ಸಾಕಷ್ಟು ಜನ ಇದ್ದೀರಿ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದವರು ಯಾರಾದರೂ ಇದ್ದರೆ ಈ ವಾರವೇ ಕೂತು ಕೇಳಿ, ಬರೆದಿಟ್ಟುಕೊಳ್ಳಿ. ಒಳ್ಳೆಯದನ್ನಷ್ಟೇ ಅಲ್ಲ, ಹೇಳಲು ಅವರು ಹಿಂಜರಿಯುವುದನ್ನೂ ಬರೆದಿಟ್ಟುಕೊಳ್ಳಿ.